ಹೇಳಿರಬಹುದು

ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕಾಲೇಜಿನಿಂದ ಪುಸ್ತಕದ ಕರಡು ಪ್ರತಿ ಬಂತು. ತಂದವನು ಈಗಿನ ಸಾಹಿತ್ಯ ವಿಭಾಗದ ಮುಖ್ಯಸ್ಥ. ಮೂವತ್ತೊಂದು ವರ್ಷಗಳ ಹಿಂದೆ ಮೇಡಂ ಅವರ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ ಹುಡುಗ. ಈಗ ತಲೆ ಅರ್ಧ ಬೋಳಾಗಿತ್ತು, ಆಕಳಿಕೆ ಮಾತ್ರ ಹಾಗೇ ಇತ್ತು. ಮೇಡಂಗೆ ಮೊಣಕಾಲು ನೋವು, ಏಳಬಾರದು ಎಂದು ತಾನೇ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತ. ಇಂಥ ಸಣ್ಣ ಸಂಗತಿಗಳಲ್ಲಿ ಅವನು ಯಾವತ್ತೂ ಒಳ್ಳೆಯವನೇ.

"ನೋಡಿ ಮೇಡಂ, ನಿಮ್ಮ ಲೇಖನಾನೇ ಮೊದಲು ಬರೋದು. ಕಾಲೇಜು ಶುರುವಾಗಿ ಎಪ್ಪತ್ತೈದು ವರ್ಷ ಆಯ್ತು, ಇಂಥದ್ದು ಇನ್ನೊಂದು ಬಂದಿಲ್ಲ. ಒಂದು ಸಲ ಕಣ್ಣಾಡಿಸಿ ಕೊನೇ ಹಾಳೆಗೆ ಸಹಿ ಹಾಕಿಕೊಡಿ. ಶುಕ್ರವಾರ ಬಂದು ತಗೊಂಡು ಹೋಗ್ತೀನಿ, ಸೋಮವಾರ ಅಚ್ಚಿಗೆ."

"ಹಳೇ ಸರಕು ಕಣೋ ಅದು. ಯಾರು ಓದ್ತಾರೆ?"

"ಏನು ಹೀಗಂತೀರಿ! ಕದಿಯೋ ಅಷ್ಟು ಚೆನ್ನಾಗಿದೆ." ಅವನು ತನ್ನ ಮಾತಿಗೆ ತಾನೇ ನಕ್ಕ. "ನಮ್ಮ ಕ್ಲಾಸಿನ ಟಾರ್ಪಾಲಿನ ಹುಡುಗಿ ನೆನಪಿದಾಳಾ? ನಿಮ್ಮದನ್ನೇ ಇಳಿಸಿ, ಅದೂ ನಿಮ್ಮ ಕೈಗೇ ಕೊಟ್ಟು ಸಿಕ್ಕಿಬಿದ್ದಳಲ್ಲ, ಅದನ್ನೂ ಮುನ್ನುಡೀಲಿ ಹಾಕಿದೀನಿ. ಓದೋರಿಗೆ ಒಂಚೂರು ತಮಾಷೆ ಇರಲಿ ಅಂತ. ಹೆಸರು ಹಾಕಿಲ್ಲ ಬಿಡಿ. 'ಬಂದರಿನ ಟಾರ್ಪಾಲಿನ ಅಂಗಡಿಯವರ ಮಗಳು' ಅಂತಷ್ಟೇ."

ಬಂದರಿನಲ್ಲಿ ಟಾರ್ಪಾಲಿನ ಅಂಗಡಿ ಇದ್ದದ್ದು ಒಂದೇ.

ಮೇಡಂ "ಹೌದಾ" ಎಂದರು. ಆಮೇಲೆ ಅವನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಅವನು ಹೋದ ಮೇಲೆ ಲೋಟ ಎತ್ತಲು ಬಂದ ತಂಗಿ ಹೇಳಿದಳು, "ಅಕ್ಕಾ, ಅವನಿಗೆ ಮೂರು ಸಲ ಸಕ್ಕರೆ ಹಾಕಿದೆ. ಪಾಪ, ಉಸಿರೆತ್ತದೆ ಕುಡಿದ. ನಿನ್ನ ಶಿಷ್ಯರು ನೀನು ವಿಷ ಹಾಕಿದ್ರೂ ನೋಟ್ಸ್ ಬರ್ಕೊಂಡು ಕುಡೀತಾರೆ."

ಮೇಡಂ ನಗಲಿಲ್ಲ. ಮುನ್ನುಡಿಯ ಆ ಪುಟವನ್ನು ತೆರೆದು ಕೂತರು. ನಾಲ್ಕೇ ಸಾಲು. 'ಅಂದಿನ ವಿದ್ಯಾರ್ಥಿನಿಯೊಬ್ಬಳು ಈ ಲೇಖನಕ್ಕೆ ಎಷ್ಟು ಮನಸೋತಳೆಂದರೆ...' ಎಂದು ಶುರುವಾಗುತ್ತಿತ್ತು. ಚೆನ್ನಾಗಿಯೇ ಬರೆದಿದ್ದ. ಹಾಗೆ ಹಗುರವಾಗಿ ಬರೆಯಲು ಕಲಿಸಿದವರು ಅವರೇ.

ಲೇಖನವಿದ್ದದ್ದು ಒಂದು ಹಳೆಯ ಕಡಲ ಕಾದಂಬರಿಯ ಬಗ್ಗೆ. ಕೊನೆಯ ವರ್ಷದವರಿಗೆ ಅದು ಪಠ್ಯವಾಗಿತ್ತು. ಗಾಳಿಯಿಲ್ಲದೆ ನಡುಗಡಲಿನಲ್ಲಿ ನಿಂತುಹೋದ ಒಂದು ಹಡಗು. ಯಾರೋ ಕುಡಿಯುವ ನೀರಿನ ಪೀಪಾಯಿಗೆ ತೂತು ಕೊರೆದಿದ್ದಾರೆ. ನೀರಿನ ಉಸ್ತುವಾರಿಯವನು ಎಲ್ಲರಿಗೂ ಬೇಕಾದ ಒಬ್ಬ ನಾವಿಕನತ್ತ ಬೆರಳು ತೋರಿಸುತ್ತಾನೆ. ಕಾರಣವೇನೂ ಇಲ್ಲ, ಆ ನಾವಿಕನ ಒಳ್ಳೆಯತನ ಕಂಡರೆ ಇವನಿಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ, ಅಷ್ಟೇ. ನಾವಿಕ ತಪ್ಪು ಮಾಡಿಲ್ಲವೆಂದು ಕಪ್ತಾನನಿಗೆ ಗೊತ್ತು. ಗೊತ್ತಿದ್ದೂ, ಉಳಿದವರು ದಂಗೆ ಏಳಬಾರದೆಂದು ಅವನನ್ನು ಹಾಯಿಕಂಬಕ್ಕೆ ಕಟ್ಟಿಸುತ್ತಾನೆ. ಮೂರನೆಯ ದಿನ ನಾವಿಕ ಯಾರನ್ನೂ ಶಪಿಸದೆ ಸಾಯುತ್ತಾನೆ. ಹೆಣವನ್ನು ಹಾಯಿಬಟ್ಟೆಯೊಳಗಿಟ್ಟು ಹೊಲಿದು ನೀರಿಗೆ ಬಿಡಬೇಕು. ಹೊಲಿಯುವ ಕೆಲಸ ನೀರಿನ ಉಸ್ತುವಾರಿಯವನ ಪಾಲಿಗೆ ಬರುತ್ತದೆ.

ಎಂಟು ವರ್ಷ ಮೇಡಂ ಇದಕ್ಕೆ ಒಂದೇ ನೋಟ್ಸ್ ಬರೆಸಿದ್ದರು. ನಾವಿಕ ಬಲಿಗೆ ಬಂದ ಕುರಿಮರಿ; ಉಸ್ತುವಾರಿಯವನು ಸರ್ಪ; ಹಾಯಿಕಂಬ ಶಿಲುಬೆ; ಕಪ್ತಾನ ಮಗನನ್ನು ಬಲಿಕೊಡುವ ತಂದೆ. ಎಲ್ಲ ವಿದ್ಯಾರ್ಥಿಗಳೂ ಅದನ್ನೇ ಬರೆಯುತ್ತಿದ್ದರು, ಮೇಡಂ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕುತ್ತಿದ್ದರು.

ಒಂಬತ್ತನೆಯ ವರ್ಷ ಆ ಹುಡುಗಿ ಬಂದಳು. ಅಪ್ಪ ಬಂದರಿನಲ್ಲಿ ದೋಣಿಗಳ ಹಾಯಿ, ಲಾರಿಗಳ ಹೊದಿಕೆ ಹೊಲಿಯುತ್ತಿದ್ದವನು. ಅವಳ ಬೆರಳ ತುದಿಯಲ್ಲಿ ಸದಾ ಮೇಣದ ವಾಸನೆ. ಹೆಚ್ಚು ಮಾತಿಲ್ಲ. ಒಮ್ಮೆ ಮೇಡಂ ಅವರ ಚೀಲದ ಹಿಡಿ ಕಿತ್ತುಬರುವ ಹಾಗಿದ್ದುದನ್ನು ನೋಡಿ, "ಕೊಡಿ ಮೇಡಂ, ಇದು ನಾಳೆ ಬೀದೀಲಿ ನಿಮ್ಮ ಮಾನ ಕಳೆಯುತ್ತೆ" ಎಂದು ಇಸಿದುಕೊಂಡು ಊಟದ ಬಿಡುವಿನಲ್ಲೇ ಹೊಲಿದುಕೊಟ್ಟಿದ್ದಳು.

ಅರ್ಧ ವರ್ಷದ ಕಿರುಪರೀಕ್ಷೆಯಲ್ಲಿ ಅವಳು ಎರಡು ಹಾಳೆ ಬರೆದಳು. ಕುರಿಮರಿ, ಸರ್ಪ ಯಾವುದೂ ಅದರಲ್ಲಿ ಇರಲಿಲ್ಲ. 'ಎಲ್ಲರೂ ನಾವಿಕನ ಸಾವನ್ನು ನೋಡುತ್ತಾರೆ, ಹೊಲಿಗೆಯನ್ನು ಯಾರೂ ನೋಡುವುದಿಲ್ಲ' ಎಂದು ಮೊದಲ ಸಾಲು. ಹೆಣಕ್ಕೆ ಅಗಲಗಲವಾಗಿ ನಾಲ್ಕು ಹೊಲಿಗೆ ಸಾಕು. ಆದರೆ ಕಾದಂಬರಿಯಲ್ಲಿ ಆ ಮನುಷ್ಯ ಎರಡೂ ಅಂಚು ಮಡಚಿ, ಒಂದರ ಮೇಲೊಂದು ಕೂರಿಸಿ, ಮೇಣ ಹಚ್ಚಿದ ದಾರದಿಂದ ಎರಡೂ ಬದಿಗೆ ಹೊಲಿಯುತ್ತಾನೆ. ಒಂದು ಹಗಲು ಪೂರ್ತಿ ಹೊಲಿದು ಬೆರಳಲ್ಲಿ ರಕ್ತ ಬರಿಸಿಕೊಳ್ಳುತ್ತಾನೆ. ಅದು ಬಿರುಗಾಳಿಗೆ ಎದೆಯೊಡ್ಡುವ ಹಾಯಿಗೆ ಹಾಕುವ ಹೊಲಿಗೆ, ನಮ್ಮಪ್ಪ ಹಾಕುವಂಥದ್ದು. ಸಮುದ್ರದ ತಳಕ್ಕೆ ಹೋಗುವ ಬಟ್ಟೆಗೆ ಯಾರು ಇಷ್ಟು ಕಷ್ಟಪಡುತ್ತಾರೆ? ಈ ಪುಸ್ತಕದಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡುವವರು ತುಂಬಾ ಜನ ಇದ್ದಾರೆ. ನಿಜವಾಗಿ ಮಾಡಿದವನು ಇವನೊಬ್ಬನೇ ಇರಬೇಕು. ಹೀಗೆ.

ಮೇಡಂ ಆ ಎರಡು ಹಾಳೆಯನ್ನು ನಾಲ್ಕು ಸಲ ಓದಿದರು. ಇಪ್ಪತ್ತಕ್ಕೆ ಹದಿನಾಲ್ಕು ಅಂಕ ಕೊಟ್ಟರು. ಹತ್ತೊಂಬತ್ತು ಕೊಡಬೇಕಾದ ಬರಹಕ್ಕೆ ಹದಿನಾಲ್ಕು! ಕದಿಯುವ ಯೋಚನೆ ಇನ್ನೂ ಬಂದಿರಲಿಲ್ಲ, ಆದರೆ ಕೈಗೆ ಆಗಲೇ ಗೊತ್ತಾಗಿತ್ತು.

ಆ ತಿಂಗಳು ಒಂದು ವಿಮರ್ಶಾ ಪತ್ರಿಕೆಯವರು ಲೇಖನ ಕೇಳಿದ್ದರು. ಮೇಡಂ ಕೂತು ಬರೆದರು. ಬೀಜ ಅವಳದ್ದು, ಮರ ಬೆಳೆಸುವವಳು ನಾನು ಎಂದು ಸಮಾಧಾನ ಹೇಳಿಕೊಂಡರು. ಬರೆಯುತ್ತಾ ಹೋದ ಹಾಗೆ ಅವಳ ವಾಕ್ಯಗಳೂ ಇದ್ದ ಹಾಗೇ ಇಳಿದವು, ಯಾಕೆಂದರೆ ಅದಕ್ಕಿಂತ ಚೆನ್ನಾಗಿ ಹೇಳಲು ಬರಲಿಲ್ಲ. ಕೊನೆಯಲ್ಲಿ 'ಈ ಒಳನೋಟ ಕೊಟ್ಟ ನನ್ನ ವಿದ್ಯಾರ್ಥಿನಿಗೆ ಕೃತಜ್ಞತೆ' ಎಂದು ಹೆಸರು ಸಮೇತ ಒಂದು ಸಾಲನ್ನೂ ಹಾಕಿದ್ದರು. ಸಂಪಾದಕರು ಜಾಗ ಸಾಲದು, ನಾಲ್ಕು ಸಾಲು ಕಡಿಮೆ ಮಾಡಿ ಎಂದು ಕಾಗದ ಬರೆದರು. ಇಡೀ ಲೇಖನದಲ್ಲಿ ಮೇಡಂಗೆ ತೆಗೆಯಬಹುದು ಎನಿಸಿದ ಮೊದಲ ಸಾಲು ಅದೇ.

ಹುಡುಗಿಗೆ ಇದೊಂದೂ ಗೊತ್ತಿರಲಿಲ್ಲ. ವರ್ಷದ ಕೊನೆಗೆ ಎಲ್ಲರೂ ಒಂದು ದೊಡ್ಡ ಪ್ರಬಂಧ ಬರೆದು, 'ಇದು ನನ್ನ ಸ್ವಂತ ಬರಹ' ಎಂದು ಸಹಿ ಮಾಡಿ ಕೊಡಬೇಕಿತ್ತು. ಅವಳು ತನ್ನ ಹೊಲಿಗೆಯನ್ನೇ ವಿಸ್ತರಿಸಿ ಬರೆದಳು. ಹೊರಗಿನಿಂದ ಬಂದ ಪರೀಕ್ಷಕರು ಆ ವಿಮರ್ಶಾ ಪತ್ರಿಕೆ ಓದುವವರಾಗಿದ್ದರು. ಅರ್ಧ ಪುಟ ಓದುವಷ್ಟರಲ್ಲಿ ಕೆಂಪಾದರು.

ವಿಚಾರಣೆ ನಡೆದದ್ದು ಪ್ರಾಂಶುಪಾಲರ ಕೋಣೆಯಲ್ಲಿ. ಅದರ ಹಿಂದಿನ ದಿನ ಮೇಡಂ ಹಳೆಯ ಉತ್ತರಪತ್ರಿಕೆಗಳ ಕಟ್ಟನ್ನು ರದ್ದಿಯವನಿಗೆ ಹಾಕಿದ್ದರು. ಪ್ರತಿ ವರ್ಷ ರಜೆಯಲ್ಲಿ ಹಾಕುತ್ತಿದ್ದುದನ್ನು ಆ ಸಲ ಮೂರು ವಾರ ಮುಂಚೆ ಹಾಕಿದರು. ಆ ಕಟ್ಟಿನಲ್ಲಿ ಆ ಎರಡು ಹಾಳೆಗಳಿದ್ದವು.

"ಎಲ್ಲಿಂದ ತಗೊಂಡೆ ಇದನ್ನ?" ಪ್ರಾಂಶುಪಾಲರು ಕೇಳಿದರು.

"ಎಲ್ಲಿಂದಾನೂ ಇಲ್ಲ ಸರ್. ನಂಗೇ ಹೊಳೀತು. ಕಿರುಪರೀಕ್ಷೇಲೂ ಬರೆದಿದ್ದೆ." ಹುಡುಗಿಯ ತುಟಿ ಒಣಗಿತ್ತು. ಯಾರೂ ಹೇಳದೆ, ಕಾಲೇಜಿನ ಜವಾನ ಒಂದು ಲೋಟ ನೀರು ತಂದು ಅವಳ ಮುಂದೆ ಇಟ್ಟುಹೋದ. ಆ ಕೋಣೆಯಲ್ಲಿ ಆ ದಿನ ಅವಳಿಗೆ ಯಾರಾದರೂ ಕೊಟ್ಟದ್ದು ಅಷ್ಟೇ.

ಪ್ರಾಂಶುಪಾಲರು ಮೇಡಂ ಕಡೆ ತಿರುಗಿ ಆ ಹಾಳೆ ಕೇಳಿದರು; ರದ್ದಿಗೆ ಹೋಯಿತು ಎಂದರು ಮೇಡಂ. ಅವರು ಕೆಟ್ಟವರಲ್ಲ, ಹುಡುಗಿಗೆ ಒಂದು ದಾರಿ ಹುಡುಕುತ್ತಿದ್ದರು. "ನೀವು ಲೇಖನ ಬರೆಯೋ ಮುಂಚೆ ಕ್ಲಾಸಲ್ಲೇನಾದ್ರೂ ಇದನ್ನ ಹೇಳಿದ್ರಾ?"

ಇಲ್ಲ ಎಂದರೆ, ಹಾಗಾದರೆ ಲೇಖನಕ್ಕೂ ಮುಂಚೆ ಇವಳಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತಿತ್ತು. ಹೌದು ಎಂದರೆ ಅದು ನೇರವಾದ ಸುಳ್ಳು. ಮೇಡಂ ನಡುವಿನದೊಂದನ್ನು ಆರಿಸಿಕೊಂಡರು.

"ಹೇಳಿರಬಹುದು" ಎಂದರು.

ಹುಡುಗಿ ಅವರ ಮುಖ ನೋಡಿದಳು. ಆ ನೋಟದಲ್ಲಿ ಆರೋಪ ಇದ್ದಿದ್ದರೆ ಮೇಡಂ ಬದುಕಿಕೊಳ್ಳುತ್ತಿದ್ದರು. ಅವಳು ನಿಜವಾಗಿಯೂ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ, "ಮೇಡಂ ಹೇಳಿದೀನಿ ಅಂದ್ರೆ ಹೇಳಿರ್ತಾರೆ ಸರ್. ನಾನೇ ಮರೆತು, ನಂದು ಅಂದ್ಕೊಂಡಿರಬೇಕು" ಎಂದಳು.

ಒಪ್ಪಿಕೊಂಡ ಹಾಗಾಯಿತು. ಸ್ವಂತ ಬರಹವೆಂದು ಸಹಿ ಮಾಡಿದ್ದಳು, ನಿಯಮ ನಿಯಮವೇ. ಪ್ರಬಂಧ ರದ್ದು, ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಅವಳು ಮತ್ತೆ ಕಾಲೇಜಿಗೆ ಬರಲೇ ಇಲ್ಲ.

ಅದಾದ ಮೇಲೆ ಮೇಡಂ ತುಂಬಾ ಒಳ್ಳೆಯ ಮೇಡಂ ಆದರು. ಮಂಕಾಗಿ ಕೂತ ಯಾವ ವಿದ್ಯಾರ್ಥಿಯನ್ನೂ ಮಾತಾಡಿಸದೆ ಬಿಡಲಿಲ್ಲ. ಯಾರ ಬರಹದಲ್ಲಿ ಏನೇ ಹೊಸದು ಕಂಡರೂ ತರಗತಿಯಲ್ಲಿ ಹೆಸರು ಹಿಡಿದು ಹೇಳಿದರು. ಊರೆಲ್ಲ ಕೊಂಡಾಡಿತು. ಆ ಕಾದಂಬರಿಯನ್ನು ಮಾತ್ರ ಬೇರೆಯವರಿಗೆ ಒಪ್ಪಿಸಿದರು. ರಸ್ತೆಯಲ್ಲಿ ಆ ಹುಡುಗಿ ಎದುರಾದರೆ, ಅವಳೇ ಮೊದಲು ನಿಂತು "ನಮಸ್ಕಾರ ಮೇಡಂ, ಹುಷಾರಾಗಿದೀರಾ" ಎನ್ನುತ್ತಿದ್ದಳು. ಕೆಲವು ವರ್ಷಗಳಾದ ಮೇಲೆ ಮೇಡಂ ಬಂದರಿನ ರಸ್ತೆಗೆ ಹೋಗುವುದನ್ನೇ ಬಿಟ್ಟರು.

ಈಗ ಆ ನಾಲ್ಕು ಸಾಲು ಅಚ್ಚಾಗಲಿತ್ತು. ಅವರ ಸಹಿಯಿಂದ.

ಗುರುವಾರ ಬೆಳಿಗ್ಗೆ ಮೇಡಂ ಹತ್ತೂವರೆಯ ಬಂದರಿನ ಬಸ್ಸು ಹಿಡಿದರು. ಇಳಿಯುವಾಗ ಕಂಡಕ್ಟರ್ ಮೊಣಕೈ ಹಿಡಿದು, ಅವರ ಎರಡೂ ಕಾಲು ನೆಲಕ್ಕೆ ಊರುವವರೆಗೆ ಸೀಟಿ ಊದದೆ ಕಾದ. ಇವತ್ತು ಯಾರೂ ತನಗೆ ಒಳ್ಳೆಯದು ಮಾಡದಿದ್ದರೆ ಚೆನ್ನಾಗಿತ್ತು ಎಂದುಕೊಂಡರು.

ಅಂಗಡಿ ಒಂದು ಗೋದಾಮಿನ ಮಹಡಿಯ ಮೇಲಿತ್ತು. ಉದ್ದನೆಯ ಮರದ ನೆಲ. ಅದರ ಮೇಲೆ ಹರಡಿದ ದೊಡ್ಡ ಹಸಿರು ಬಟ್ಟೆ. ಬಾಗಿಲ ಹತ್ತಿರ ಒಬ್ಬಳು ಬಟ್ಟೆಯ ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆ ಬಳೆಗಳನ್ನಿಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದಳು. ಇವರನ್ನು ಮೇಲಿಂದ ಕೆಳಗೆ ನೋಡಿ, "ಲಾರಿಗಾ, ದೋಣಿಗಾ? ನಿಮ್ಮನ್ನ ನೋಡಿದ್ರೆ ಎರಡೂ ಇಟ್ಟುಕೊಂಡಿರೋ ಹಾಗಿಲ್ಲ" ಎಂದಳು. ಆಮೇಲೆ ಹಿಂದಕ್ಕೆ ಕೂಗಿದಳು, "ಅತ್ತಿಗೇ, ಯಾರೋ ಟೀಚರ್ ಥರ ಇದಾರೆ. ಕನ್ನಡಕ ನೆಟ್ಟಗೆ ಹಾಕ್ಕೊಳ್ಳಿ, ಬೈದುಬಿಟ್ಟಾರು!"

ಕಿಟಕಿಯ ಬೆಳಕಿನಲ್ಲಿ ನೆಲದ ಮೇಲೆ ಕೂತಿದ್ದ ಹೆಂಗಸು ತಲೆಯೆತ್ತಿದಳು. ಕೂದಲು ಬೆಳ್ಳಗಾಗಿತ್ತು. ದಪ್ಪ ಸೂಜಿ ತಳ್ಳಲು ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡಿದ್ದಳು.

"ಅಯ್ಯೋ ಮೇಡಂ! ಈ ಮೆಟ್ಟಿಲು ಹೇಗೆ ಹತ್ತಿದ್ರಿ? ನನ್ನ ತಮ್ಮನ ಹೆಂಡತಿ ಇವಳು, ಇವಳ ಬಾಯಿಗೆ ಬೀಗ ಇಲ್ಲ, ಮನಸ್ಸಿಗೆ ಹಚ್ಕೋಬೇಡಿ." ಎದ್ದು ಬಂದು, ಸ್ಟೂಲಿನ ಮೇಲೆ ಬಟ್ಟೆ ಮಡಚಿ ಮೆತ್ತಗೆ ಮಾಡಿ ಕೂರಿಸಿದಳು.

ಮೇಡಂ ಚೀಲದಿಂದ ಕರಡು ಪ್ರತಿ ತೆಗೆದು ಮುನ್ನುಡಿಯ ಪುಟ ಕೊಟ್ಟರು. ಅವಳು ನಿಧಾನವಾಗಿ ಓದಿದಳು. ಕಿವಿ ಕೆಂಪಾಯಿತು, ಆದರೆ ನಕ್ಕಳು.

"ನಾನಾ ಇದು? ಹೋಗ್ಲಿ ಬಿಡಿ ಮೇಡಂ. ಮಾಡಿದ್ದು ನಾನೇ ಅಲ್ವಾ? ನೀವು ಕ್ಲಾಸಲ್ಲಿ ಹೇಳಿದ್ದು ನನ್ನ ತಲೇಲಿ ಕೂತು ನಂದೇ ಅನ್ನಿಸಿಬಿಟ್ಟಿತ್ತು. ಆವತ್ತು ನಿಮಗೆ ಎಷ್ಟು ಮುಜುಗರ ಆಗಿರಬೇಕು ಅಂತ ಎಷ್ಟೋ ಸಲ ಯೋಚಿಸಿದೀನಿ. ಇದನ್ನ ತೋರಿಸಿ ಕೇಳೋಕೆ ಅಂತ ಇಷ್ಟು ದೂರ ಬಂದ್ರಾ? ನಿಮ್ಮ ಗುಣ ಯಾರಿಗೆ ಬರುತ್ತೆ!"

ಇಲ್ಲಿಗೇ ಮುಗಿಸಬಹುದಿತ್ತು. ಮುನ್ನುಡಿಯ ನಾಲ್ಕು ಸಾಲು ತೆಗೆಸುತ್ತೇನೆ ಎಂದು ಹೇಳಿ, ಒಂದು ಲೋಟ ಚಹಾ ಕುಡಿದು, ದೊಡ್ಡ ಮನುಷ್ಯಳಾಗಿಯೇ ಮೆಟ್ಟಿಲಿಳಿಯಬಹುದಿತ್ತು. ಮೇಡಂಗೆ ಆ ದಾರಿ ಸ್ಪಷ್ಟವಾಗಿ ಕಂಡಿತು. ಅದು ಎಷ್ಟು ಸಲೀಸಾಗಿತ್ತೆಂದರೆ ಅವರಿಗೆ ಭಯವಾಯಿತು.

"ನಾನು ಕ್ಲಾಸಲ್ಲಿ ಹೇಳಿರಲಿಲ್ಲ" ಎಂದರು.

"ಅಂದ್ರೆ?"

"ಯಾವತ್ತೂ ಹೇಳಿರಲಿಲ್ಲ. ನಂಗೆ ಗೊತ್ತೇ ಇರಲಿಲ್ಲ. ನೀನು ಕಿರುಪರೀಕ್ಷೇಲಿ ಬರೆದಿದ್ದೆ, ಎರಡು ಹಾಳೆ. ಅದನ್ನ ನೋಡಿ ನಾನು ಬರೆದೆ. ಆಮೇಲೆ ಹಾಳೆ ರದ್ದಿಗೆ ಹಾಕಿದೆ. ಬೇಕು ಅಂತಲೇ ಹಾಕಿದೆ."

ಸುತ್ತಿಗೆಯ ಸದ್ದು ನಿಂತಿತು. ಹೆಂಗಸು ತನ್ನ ಅಂಗೈಯ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಮೇಡಂ ಮತ್ತೆ ಮಾತಾಡಿಬಿಟ್ಟರು. "ನಿನ್ನಂಥ ಮುಗ್ಧೆಗೆ ಹೀಗೆ ಮಾಡಿದೆನಲ್ಲ ಮಗು. ಆ ಕಥೆಯ ಕುರಿಮರಿ ಥರ ನೀನು ಒಂದು ಮಾತೂ ಆಡದೆ..."

"ಕುರಿಮರಿ ಅನ್ನಬೇಡಿ."

ಹೆಂಗಸು ಪಟ್ಟಿಯ ಗಂಟು ಬಿಗಿದಳು.

"ಕುರಿಮರಿ ಅಂದ್ರೆ ನಿಮಗೆ ಸಲೀಸು ಮೇಡಂ. ಅದು ಕತ್ತಿಗೆ ಕೊರಳು ಕೊಟ್ಟು, ಆಮೇಲೆ ಕ್ಷಮಿಸಿಯೂ ಬಿಡುತ್ತೆ. ನಾನು ಹಂಗಲ್ಲ. ನಂಗೆ ಕೋಪ ಬರ್ತಿದೆ. ಮೂವತ್ತೊಂದು ವರ್ಷ ತಡವಾಗಿ ಬರ್ತಿದೆ, ಬರಲಿ ಬಿಡಿ." ಅವಳ ದನಿ ಏರಲಿಲ್ಲ. "ಆಮೇಲೆ ನಾನು ಒಂದು ಕಥೆ ಪುಸ್ತಕ ಮುಟ್ಟಿಲ್ಲ ಗೊತ್ತಾ? ಓದ್ತಾ ಏನಾದ್ರೂ ಹೊಳೆದ್ರೆ, ಇದು ಯಾರದೋ ಇರಬೇಕು, ಎಲ್ಲೋ ಕೇಳಿದ್ದಿರಬೇಕು ಅಂತ ಮೈ ಬೆವರ್ತಿತ್ತು."

"ಅಂಗಡೀಲೂ ಹಂಗೇ" ಎಂದಳು ತಮ್ಮನ ಹೆಂಡತಿ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಆ ದೊಡ್ಡ ಲಾರಿಗಳ ಹೊದಿಕೆ ಕತ್ತರಿಸೋ ಹೊಸ ರೀತಿ, ಇಡೀ ಬಂದರು ನೋಡೋಕೆ ಬಂತು. ಯಾರು ಹೊಗಳಿದ್ರೂ ಇದು ಅಪ್ಪ ಹೇಳಿಕೊಟ್ಟಿದ್ದು ಅಂತಾರೆ. ಮಾವ ಬದುಕಿದ್ದಾಗ ನಾನೇ ಕೇಳಿದೀನಿ, ನಂಗೊತ್ತಿಲ್ಲಮ್ಮ, ಅದು ಅವಳದ್ದೇ ಅಂದ್ರು. ಇವರು ಒಪ್ಪಲಿಲ್ಲ."

ಮೇಡಂ ಇಷ್ಟು ವರ್ಷ ಎರಡು ಹಾಳೆ ಕದ್ದೆ ಎಂದುಕೊಂಡಿದ್ದರು. ಕದ್ದದ್ದು ಏನೆಂದು ಈಗ ಗೊತ್ತಾಯಿತು. ಕ್ಷಮಿಸು ಎನ್ನಲು ಬಾಯಿ ತೆರೆದರು; ಆ ಮಾತು ಕೂಡ ಏನನ್ನೋ ಕೇಳುವ ಮಾತಾಗಿತ್ತು. ಮುಚ್ಚಿಕೊಂಡರು.

"ಅವನಿಗೆ ಫೋನ್ ಮಾಡಿ" ಎಂದಳು ಹೆಂಗಸು. "ಇದನ್ನ ಬರೆದೋನಿಗೆ. ಈಗಲೇ, ನನ್ನ ಮುಂದೆ, ನಂಗೂ ಕೇಳೋ ಹಾಗೆ."

ಮೇಡಂ ಮಾಡಿದರು. ಮುಖ್ಯಸ್ಥ ಮೊದಲು ನಕ್ಕ, ಆಮೇಲೆ ದನಿ ತಗ್ಗಿಸಿದ. "ಮೇಡಂ, ಮೈ ಹುಷಾರಿಲ್ವಾ? ಇಷ್ಟು ವರ್ಷದ ಮೇಲೆ ನೆನಪು ಹಿಂದೆಮುಂದೆ ಆಗಿರುತ್ತೆ. ಮುನ್ನುಡಿಯ ಆ ಭಾಗ ತೆಗೀತೀನಿ, ಅಲ್ಲಿಗೆ ಯಾರಿಗೂ ನೋವಿಲ್ಲ. ಲೇಖನ ಮಾತ್ರ ನಿಮ್ಮದಾಗೇ ಇರಲಿ. ನಿಮ್ಮ ಹೆಸರಲ್ಲಿ ಬಹುಮಾನ ಇಟ್ಟಿದೀವಿ, ಕಾಲೇಜಿನ ಮಾನದ ಪ್ರಶ್ನೆ. ನೀವೇ ಯೋಚಿಸಿ, ಅವರೂ ಒಂದು ಮಾತು ಅಂದಿರಬಹುದು, ನೀವೂ..."

"ಅಂದಿರಬಹುದು ಅಲ್ಲ ಕಣೋ" ಎಂದರು ಮೇಡಂ. "ಕದ್ದಿದ್ದು ನಾನು. ಅದನ್ನ ಹಾಗೇ ಬರೆದು ಸಹಿ ಹಾಕಿ ಕೊಡ್ತೀನಿ, ಮುನ್ನುಡಿಯ ಜಾಗದಲ್ಲಿ ಹಾಕು. ಲೇಖನದ ಮೇಲೆ ಅವಳ ಹೆಸರಿರಲಿ. ಆಗಲ್ಲ ಅಂದ್ರೆ ನಾನೇ ಪತ್ರಿಕೆಗಳಿಗೆ ಬರೀತೀನಿ. ಬಹುಮಾನಕ್ಕೆ ಬೇರೆ ಹೆಸರು ಹುಡುಕ್ಕೋ."

ಅವನು "ಶುಕ್ರವಾರ ಬರ್ತೀನಿ ಮೇಡಂ" ಎಂದಷ್ಟೇ ಹೇಳಿ ಫೋನ್ ಇಟ್ಟ. ಅವನ ದನಿಯಲ್ಲಿ ಗೌರವ ಇನ್ನೂ ಇತ್ತು, ಆದರೆ ಬೇರೆ ಯಾರಿಗೋ ಕೊಡುವಂಥ ಗೌರವ.

"ಪೂರ್ತಿ ಹೆಸರು ಹಾಕಿಸಿ" ಎಂದಳು ಹೆಂಗಸು. "ಅಪ್ಪನ ಹೆಸರೂ ಸೇರಿಸಿ. ಆ ಲೇಖನ ಕೊಡಿ, ಏನು ಬರೆದಿದೀರಿ ನೋಡೋಣ."

"ನೀನು ಓದೇ ಇಲ್ವಾ?"

"ಆವತ್ತು ಎರಡು ಸಾಲು ತೋರಿಸಿದ್ರು, ಆಮೇಲೆ ನಾನು ಯಾಕೆ ಓದಲಿ?"

ಬಟ್ಟೆಗೆ ಗೆರೆ ಹಾಕುವ ಪೆನ್ಸಿಲನ್ನು ಕಿವಿಯ ಸಂದಿಯಿಂದ ತೆಗೆದು, ಕಿಟಕಿಯ ಹತ್ತಿರ ಹೋಗಿ ಕೂತು ಓದತೊಡಗಿದಳು. ಮೊದಲ ಪುಟದಲ್ಲೇ ಪೆನ್ಸಿಲ್ ನಿಂತಿತು. "ಸೂಜಿ ಈ ಕಡೆಯಿಂದ ತಳ್ಳಲ್ಲ. ಕೈಗೆ ಚುಚ್ಚಿಬಿಡುತ್ತೆ." ಆ ಸಾಲು ಹೊಡೆದುಹಾಕಿ ಬರೆದಳು. ಮೂರನೆಯ ಪುಟವನ್ನು ಎರಡು ಸಲ ಓದಿದಳು.

"ಇಲ್ಲಿ ಒಂದು ಭಾಗ ಬಿಟ್ಟಿದೀರಿ. ಕಿರುಪರೀಕ್ಷೇಲೂ ಬರೆದಿದ್ದೆ ನಾನು."

"ಯಾವುದು?"

"ಅವನು ಅಷ್ಟು ಗಟ್ಟಿಯಾಗಿ ಹೊಲಿದಿದ್ದು ಪಶ್ಚಾತ್ತಾಪದಿಂದ ಇರಬಹುದು. ಇಲ್ಲಾ, ಸತ್ತವನು ಎದ್ದು ಬಂದಾನು ಅನ್ನೋ ಹೆದರಿಕೆಗೂ ಇರಬಹುದು. ಹೊರಗಿಂದ ನೋಡಿದ್ರೆ ಎರಡೂ ಹೊಲಿಗೆ ಒಂದೇ ಥರ ಕಾಣುತ್ತೆ. ನೀವು ಪಶ್ಚಾತ್ತಾಪ ಮಾತ್ರ ಇಟ್ಕೊಂಡಿದೀರಿ."

ಮೇಡಂಗೆ ನೆನಪಿತ್ತು. ಆಗ ಆ ಮಾತು ಲೇಖನದ ಓಘಕ್ಕೆ ಅಡ್ಡ ಎಂದು ಬಿಟ್ಟಿದ್ದರು. ಒಳ್ಳೆಯ ಮೇಡಂ ಆಗಿ ಕಳೆದ ಅಷ್ಟೂ ವರ್ಷಗಳು, ಮಾತಾಡಿಸಿದ ಮಂಕು ಮಕ್ಕಳು, ಇವತ್ತು ಹತ್ತಿದ ಈ ಮೆಟ್ಟಿಲುಗಳು ಕೂಡ ಪಶ್ಚಾತ್ತಾಪದ ಕಡೆಯವೋ ಹೆದರಿಕೆಯ ಕಡೆಯವೋ ಅವರಿಗೇ ಗೊತ್ತಾಗಲಿಲ್ಲ. ಯಾರಾದರೂ ಕೇಳಿದ್ದರೆ ಹಾಗೆಂದೇ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಹೆಂಗಸು ಹಾಳೆಯ ಅಂಚಿನಲ್ಲಿ ಬರೆಯತೊಡಗಿದ್ದಳು. ಅಂಚು ತುಂಬಿತು, ಹಿಂಬದಿಗೆ ತಿರುಗಿಸಿದಳು. ಬರೆದು, ನಿಲ್ಲಿಸಿ, ಬಾಯಲ್ಲೇ ಏನೋ ಹೇಳಿಕೊಂಡು ಒಂದು ಪದ ಹೊಡೆದುಹಾಕಿ ಮತ್ತೆ ಬರೆದಳು. ತಮ್ಮನ ಹೆಂಡತಿ ಸುತ್ತಿಗೆಯನ್ನು ಸದ್ದಾಗದ ಹಾಗೆ ಬಟ್ಟೆಯ ಮೇಲಿಟ್ಟಳು. ಮೇಡಂ ಸ್ಟೂಲಿನಿಂದ ಎದ್ದರು. ಹೋಗು ಎಂದು ಅವಳು ಹೇಳಿರಲಿಲ್ಲ, ಇರು ಎಂದೂ ಹೇಳಿರಲಿಲ್ಲ. ಏನು ಬರೆಯುತ್ತಿದ್ದಾಳೆಂದು ನೋಡುವ ಆಸೆ ತಡೆಯಲಾರದೆ ಒಂದು ಹೆಜ್ಜೆ ಹತ್ತಿರ ಹೋದರು.

ಅವಳು ತಲೆ ಎತ್ತಲಿಲ್ಲ.

"ಬೆಳಕಿಗೆ ಅಡ್ಡ ನಿಂತಿದೀರಿ ಮೇಡಂ" ಎಂದಳು. "ಒಂಚೂರು ಸರೀರಿ."

ಮೇಡಂ ಸರಿದು ನಿಂತರು.